ಟವರ್ ಲೈನ್ ಪಕ್ಕದಲ್ಲಿ ರೇಡಿಯೊ ಕೇಂದ್ರ: ಮಾಡೆಲ್ ಮಾಡುವುದು ಹೇಗೆ?

ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ನೋಡಲು ನನ್ನನ್ನು ಆಗಾಗ ಕರೆಯುತ್ತಾರೆ. ಹೈಟೆನ್ಷನ್ ಲೈನಿನಿಂದ ರೇಡಿಯೊ ಕೇಂದ್ರಕ್ಕೆ ಏನೂ ಆಗುವುದಿಲ್ಲ ಎಂದು ಈ ಸಲ ಮೂರು ತಂಡದವರು ಬರೆದುಕೊಂಡು ಬಂದಿದ್ದರು. ತೆರೆದು ನೋಡಿದರೆ ಮೂರು ಕಂಪ್ಯೂಟರ್ ಮಾಡೆಲಿನಲ್ಲೂ ತಂತಿಗಳು ಒಂದಕ್ಕೊಂದು ತಾಗಿಯೇ ಇರಲಿಲ್ಲ!

ಲೈನಿನ ಕೆಳಗೆ ರೇಡಿಯೊ ಕರಕರ ಅನ್ನುತ್ತದಲ್ವಾ, ಅದು ಕಿಡಿಯ ಗಲಾಟೆ, ಬೇರೆ ವಿಷಯ. ನಾನು ಹೇಳುತ್ತಿರುವ ತೊಂದರೆ ಲೈನಿನಲ್ಲಿ ಕರೆಂಟ್ ಇಲ್ಲದಿದ್ದರೂ ಆಗುತ್ತದೆ. ಕೇಂದ್ರದ ಅಲೆ ಬಡಿದು ಟವರೇ ಇನ್ನೊಂದು ಆಂಟೆನಾ ಆಗಿಬಿಡುತ್ತದೆ. ಮೀಡಿಯಂ ವೇವ್‌ಗೆ ಇದರ ಕಾಟ ಜಾಸ್ತಿ. ನಮ್ಮ ಮಡಿಕೇರಿ ಆಕಾಶವಾಣಿ 103.1 ಎಫ್‌ಎಂ, ಅಲೆಯ ಉದ್ದ ಮೂರು ಮೀಟರೂ ಇಲ್ಲ, ಅದರ ಲೆಕ್ಕ ಬೇರೆ. ಅಭ್ಯಾಸಕ್ಕೆ ಬೆಂಗಳೂರಿನ 612 ಕಿಲೋಹರ್ಟ್ಸ್ ಇಟ್ಟುಕೊಳ್ಳಿ. ಅಲೆಯ ಉದ್ದ 490 ಮೀಟರ್.

1. ಅಳತೆ. ದಕ್ಷಿಣ ಕೊಡಗಿನ ತೋಟಗಳ ನಡುವೆ ಹಾದುಹೋಗುವ 400 ಕೆವಿ ಮೈಸೂರು–ಕೋಝಿಕ್ಕೋಡ್ ಲೈನಿನಂಥದ್ದನ್ನು ನೋಡಿ. ಟವರ್ ನಡುವಿನ ದೂರಕ್ಕೆ ಉಪಗ್ರಹ ನಕ್ಷೆ ಸಾಕು. ಎತ್ತರಕ್ಕೆ ಕೋಲು, ನೆರಳಿನ ಹಳೇ ಲೆಕ್ಕ. ಮಳೆಗಾಲದಲ್ಲಿ ಇಲ್ಲಿ ನೆರಳು ಹುಡುಕಬೇಡಿ, ಜನವರಿಯಲ್ಲಿ ಹೋಗಿ. ತೋಟದವರನ್ನು ಕೇಳಿಯೇ ಒಳಗೆ ಹೋಗಿ, ಆನೆ ಇದೆಯಾ ಅಂತಲೂ ಕೇಳಿ. ಟವರನ್ನು ಮಾತ್ರ ಮುಟ್ಟಬೇಡಿ.

2. ಸಾಫ್ಟ್‌ವೇರ್. ಆಂಟೆನಾ ಲೆಕ್ಕ ಹಾಕುವ 1981ರ ಪ್ರೋಗ್ರಾಂ ಎನ್‌ಇಸಿ-2 ಈಗಲೂ ಸಾಕು. ಅದನ್ನು ಓಡಿಸುವ 4ನೆಕ್2 ಪುಕ್ಕಟೆ ಸಿಗುತ್ತದೆ, 2022ರಿಂದ ಈಝಡ್‌ನೆಕ್ ಕೂಡ. ಫೋನಿನ ಆಂಟೆನಾ ಆಪ್‌ಗಳನ್ನು ನಂಬಿ ಕೂರಬೇಡಿ.

3. ಕೇಂದ್ರ. 122 ಮೀಟರಿನ ಒಂದು ನೇರ ಕಂಬ ನಿಲ್ಲಿಸಿ, ಬುಡಕ್ಕೆ ಸಿಗ್ನಲ್ ಕೊಡಿ. ಯಾವ ದಿಕ್ಕಿಗೆ ಎಷ್ಟು ಸಿಗ್ನಲ್ ಹೋಗುತ್ತದೆ ಎಂದು ತೋರಿಸುವ ಚಿತ್ರ ಸುತ್ತಲೂ ದುಂಡಗೆ ಬರಬೇಕು.

4. ಲೈನು. ಎಲ್ಲರೂ ಎಡವುವುದು ಇಲ್ಲೇ. ಕರೆಂಟ್ ಹೋಗುವ ತಂತಿಗಳನ್ನು ಬಿಟ್ಟುಬಿಡಿ. ಅವು ಪಿಂಗಾಣಿ ಡಿಸ್ಕ್‌ಗಳಿಂದ ತೂಗುತ್ತವೆ, ಟವರಿಗೆ ತಾಗುವುದಿಲ್ಲ. ಬೇಕಾದದ್ದು ತುತ್ತತುದಿಯ ತೆಳ್ಳನೆಯ ಅರ್ತ್ ವೈರ್. ಅದು ಪ್ರತಿ ಟವರಿನ ನೆತ್ತಿಗೂ ಬಿಗಿದಿರುತ್ತದೆ. ಎರಡು ಟವರ್, ಮೇಲೆ ಆ ತಂತಿ, ಕೆಳಗೆ ನೆಲ ಸೇರಿ ಒಂದು ಕುಣಿಕೆ. ನೆಲ ಕನ್ನಡಿಯಂತೆ ಕೆಲಸ ಮಾಡುವುದರಿಂದ ಸುತ್ತಳತೆ ಎರಡರಷ್ಟು ಎಂದು ಹಿಡಿಯಬೇಕು. 45 ಮೀಟರಿನ ಎರಡು ಟವರ್, ನಡುವೆ 400 ಮೀಟರ್ ಇದ್ದರೆ ಒಟ್ಟು 980 ಮೀಟರ್. 490ರ ಸರಿಯಾಗಿ ಎರಡರಷ್ಟು! ಸುತ್ತಳತೆ ಹೀಗೆ ಅಲೆಯ ಉದ್ದದ ಎರಡು, ಮೂರು, ನಾಲ್ಕು ಎಂದು ಪೂರ್ತಿ ಪಟ್ಟಿಗೆ ಸರಿಹೊಂದಿದರೆ ಸಾಕು, ಕುಣಿಕೆ ಆ ಅಲೆಗೆ, ಇಲ್ಲಿ 612ಕ್ಕೆ, ಶ್ರುತಿ ಸೇರಿಬಿಡುತ್ತದೆ.

ಹುಡುಗರು ಮಾಡಿದ್ದು ಏನು? ಮೊದಲ ಟವರಿನಿಂದ ಕೊನೆಯದರವರೆಗೆ ಒಂದೇ ಉದ್ದ ತಂತಿ ಎಳೆದಿದ್ದರು. ಚಿತ್ರದಲ್ಲಿ ಚೆನ್ನಾಗೇ ಕಾಣುತ್ತದೆ. ಆದರೆ ತಂತಿ ಸುಮ್ನೆ ನೆತ್ತಿಯ ಮೇಲೆ ಹಾದುಹೋದರೆ ಪ್ರೋಗ್ರಾಂ ಅದನ್ನು ಜೋಡಣೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ಸ್ಪ್ಯಾನ್‌ಗೂ, ಅಂದರೆ ಟವರಿನಿಂದ ಟವರಿನವರೆಗಿನ ಪ್ರತಿ ಅಂತರಕ್ಕೂ, ಬೇರೆ ತಂತಿ ಹಾಕಿ, ಅದರ ತುದಿಗೂ ನೆತ್ತಿಗೂ ಸ್ಥಾನದ ಅಂಕಿ ಒಂದೇ ಕೊಡಿ. ಟವರಿನ ಬುಡ ಸೊನ್ನೆ ಎತ್ತರದಲ್ಲೇ ಇರಬೇಕು. ಒಂದು ತಂಡ 0.1 ಮೀಟರ್ ಬರೆದಿತ್ತು. ಆ ನಾಲ್ಕು ಬೆರಳಿನ ಸಂದಿಯಲ್ಲಿ ಕುಣಿಕೆಯೇ ಕಡಿದುಹೋಗಿತ್ತು. ನೆಲವನ್ನು ಪರಿಪೂರ್ಣ ವಾಹಕ ಎಂದೇ ಇಡಿ. ಕೊಡಗಿನ ಕೆಂಪು ಮಣ್ಣಿನ ನಿಜವಾದ ಗುಣ ತುಂಬಿಸುವ ಆಸೆ ಬೇಡ, ಎನ್‌ಇಸಿ-2ರಲ್ಲಿ ಅಂಥ ನೆಲಕ್ಕೆ ತಂತಿ ನೇರವಾಗಿ ತಾಗಿಸುವಂತಿಲ್ಲ.

ಟವರಿನ ಕಬ್ಬಿಣದ ಪಟ್ಟಿಗಳನ್ನೆಲ್ಲ ಬಿಡಿಸುತ್ತಾ ಕೂತರೆ ವರ್ಷ ಕಳೆಯುತ್ತದೆ. ಒಂದು ದಪ್ಪ ಕಂಬ ಸಾಕು. ಪ್ರೋಗ್ರಾಂ ಪ್ರತಿ ತಂತಿಯನ್ನೂ ತುಂಡು ತುಂಡು ಮಾಡಿ ಲೆಕ್ಕ ಹಾಕುತ್ತದೆ, ಆ ತುಂಡುಗಳು 25 ಮೀಟರ್ ದಾಟದಿರಲಿ. ಗುಡ್ಡದ ಸೀಮೆಯಲ್ಲಿ ಸ್ಪ್ಯಾನ್ ಒಂದೊಂದೂ ಒಂದೊಂದು ಥರ. ಎಲ್ಲಕ್ಕೂ 400 ತುಂಬಿಸುವ ಶಾರ್ಟ್‌ಕಟ್ ಮಾಡಿದರೆ ಇಲ್ಲದ ಭೂತ ಕಾಣುತ್ತದೆ.

5. ಓಡಿಸಿ. 500ರಿಂದ 700 ಕಿಲೋಹರ್ಟ್ಸ್‌ವರೆಗೆ, 5ರ ಹೆಜ್ಜೆಯಲ್ಲಿ. 20ರ ಹೆಜ್ಜೆ ಇಟ್ಟರೆ ಕುಣಿಕೆ ಶ್ರುತಿ ಸೇರುವ ಚೂಪಾದ ಶಿಖರ ತಪ್ಪಿಹೋಗಬಹುದು. ದುಂಡಗಿದ್ದ ಚಿತ್ರ ಒಂದು ಕಡೆ 3 ಡಿಬಿ ಕುಗ್ಗಿದರೆ ಆ ದಿಕ್ಕಿಗೆ ಹೋಗುವ ಶಕ್ತಿ ಅರ್ಧಕ್ಕೆ ಇಳಿದಿದೆ ಎಂದರ್ಥ.

6. ಮದ್ದು. ಒಂದು ಟವರಿನ ನೆತ್ತಿಯಿಂದ ಅರ್ತ್ ವೈರ್ ಬಿಡಿಸಿ ನೋಡಿ. ಮಾಡೆಲಿನಲ್ಲಿ ಮಾತ್ರ! ನಿಜವಾದ ಲೈನಿನಲ್ಲಿ ಸಿಡಿಲು ತಡೆಯುವುದೇ ಆ ತಂತಿ, ಅಲ್ಲಿ ಇನ್ಸುಲೇಟರ್ ಹಾಕುವುದು ಲೈನಿನವರು ತೀರ್ಮಾನಿಸಬೇಕಾದದ್ದು. ಈಗ ಎರಡು ಸ್ಪ್ಯಾನ್ ಸೇರಿ ಕುಣಿಕೆ 1780 ಮೀಟರ್ ಆಗುತ್ತದೆ. ಶ್ರುತಿ 506ಕ್ಕೂ 674ಕ್ಕೂ ಸರಿಯುತ್ತದೆ, 612 ಬಚಾವ್. ಆದರೆ ಭದ್ರಾವತಿ ಆಕಾಶವಾಣಿ ಇರುವುದು 675ರಲ್ಲಿ. ಅದಕ್ಕೇ ಬಿಡಿಸುವ ಟವರ್ ಬದಲಾಯಿಸಿದಾಗಲೆಲ್ಲ ಐದನೇ ಹೆಜ್ಜೆಗೆ ವಾಪಸ್ ಹೋಗಿ, 500ರಿಂದಲೇ ಮತ್ತೆ ಓಡಿಸಿ.