ಒಂಬತ್ತು ವರ್ಷದ ಹುಡುಗಿ ಹೇಳಿದ ಕಾದಂಬರಿ: ನನ್ನ ಅನುಭವ

"ಸಣ್ಣ ಹುಡುಗಿ ಬಾಯಲ್ಲಿ 200 ಪುಟ, ಅದೂ ಕಲಬುರಗಿ ಮಾತಿನಲ್ಲಿ, ಯಾರು ಓದ್ತಾರೆ?" ಅಂದಿದ್ದರು ಗೆಳೆಯರು. ನನ್ನ ಕಾದಂಬರಿಯ ಕತೆಯನ್ನೆಲ್ಲ ಒಂಬತ್ತರ ಹುಡುಗಿಯೇ ಹೇಳುತ್ತಾಳೆ. ಅದನ್ನು 500 ಪ್ರತಿ ಹಾಕಿಸಿದ್ದೆ. ಈಗ ಮನೆಯಲ್ಲಿ ಮೂವತ್ತೋ ನಲವತ್ತೋ ಉಳಿದಿವೆ.

2022ರಲ್ಲಿ ನಮ್ಮ ಕಡೆ ತೊಗರಿಗೆ, ಗಿಡ ನಿಂತಲ್ಲೇ ಒಣಗುವ ನೆಟೆ ರೋಗ ಬಿತ್ತಲ್ಲ, ಕತೆ ಅಲ್ಲಿಂದ ಶುರು. ಚಿತ್ತಾಪುರ ಕಡೆಯ ಒಂದು ಹೊಲಮನೆ. ಮೊದಲ ಸಲ ಬರೆದ 110 ಪುಟ ಪೂರ್ತಿ ಹಾಳು. ನನ್ನ ಹುಡುಗಿಗೆ ಎಲ್ಲಾ ಗೊತ್ತಿತ್ತು. ಸಾಲದ ಬಡ್ಡಿ, ತೊಗರಿ ರೇಟು, ಅಪ್ಪನ ಮನಸ್ಸು, ಎಲ್ಲಾ. "ಆಗ ನನಗೆ ತಿಳಿದಿರಲಿಲ್ಲ" ಅನ್ನೋ ವಾಕ್ಯವೇ ಸುಮಾರು 40 ಕಡೆ ಇತ್ತು. ಅದು ಬಂದ ಕಡೆಯೆಲ್ಲ ಹುಡುಗಿ ಹೋಗಿ ಮುದುಕಿ ಬಂದು ಕೂರುತ್ತಾಳೆ.

ಸಾಹುಕಾರನ ಮನೆಯ ಭಾಗವನ್ನೇ ನೋಡಿ. ಮೊದಲು "ಅಪ್ಪನ ಮುಖದಲ್ಲಿ ಅಸಹಾಯಕತೆ ಕಂಡಿತು" ಅಂತ ಬರೆದಿದ್ದೆ. ಒಂಬತ್ತರ ಹುಡುಗಿ ಹಾಗೆ ಅಂತಾಳಾ? ಐದಾರು ಸಲ ತಿದ್ದಿದ ಮೇಲೆ ಹೀಗಾಯಿತು: "ಅಪ್ಪ ರುಮಾಲ ಬಿಚ್ಚಿ ತೊಡಿ ಮ್ಯಾಲ ಇಟಗೊಂಡ. ಮಕ್ಕೊಳ್ಳಾಗಷ್ಟೇ ಬಿಚ್ಚತಿದ್ದ. ಇಲ್ಲೇ ಮಕ್ಕೋತಾನೇನೋ ಅಂತ ನೋಡ್ದೆ." (ಮಕ್ಕೊಳ್ಳೋದು ಅಂದರೆ ಮಲಗೋದು.) ಈ ಮೂರು ಸಾಲಿನ ಬಗ್ಗೆ ನನಗೆ ಹೆಮ್ಮೆ ಇದೆ. ಅವಳಿಗೆ ಏನೂ ತಿಳಿದಿಲ್ಲ, ಓದುವವರಿಗೆ ಎಲ್ಲಾ ತಿಳಿಯುತ್ತದೆ. ಒಣಗಿದ ತೊಗರಿಗೆ ನೀರಡಿಕೆ ಆಗಿದೆ ಅಂದುಕೊಂಡು ಅವಳು ಚರಿಗೆಯಲ್ಲಿ ನೀರು ಹೊತ್ತು ಹಾಕುತ್ತಾಳೆ. ನೆಟೆ ಮಣ್ಣಿನಿಂದ ಬರುವ ರೋಗ, ನೀರು ಹಾಕಿದರೆ ಹೋಗಲ್ಲ ಅಂತ ನಮ್ಮ ರೈತರಿಗೆ ಹೇಳಬೇಕಾ? ಆಳಂದದ ಒಬ್ಬ ಹಿರಿಯರು ಆ ಪುಟ ಓದಿ ಫೋನ್ ಮಾಡಿದರು. ಎರಡು ಮಾತಾಡಿ ಸುಮ್ಮನಾಗಿಬಿಟ್ಟರು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅಕ್ಕನ ಮಗಳ ಮಾತನ್ನು ಮೊಬೈಲಿನಲ್ಲಿ ಹತ್ತು ಹನ್ನೆರಡು ಗಂಟೆ ರೆಕಾರ್ಡ್ ಮಾಡಿದೆ. ಹಾಗೇ ಇಳಿಸಿದರೆ ಪುಟದ ಮೇಲೆ ಸತ್ತುಹೋಗುತ್ತಿತ್ತು. ಆದರೆ ಒಂದು ಸಿಕ್ಕಿತು. ಅವಳು "ಯಾಕಂದ್ರ" ಅನ್ನೋದೇ ಕಡಿಮೆ, "ಮತ್ತ, ಮತ್ತ" ಅಂತಲೇ ಮುಂದೆ ಹೋಗುತ್ತಾಳೆ. ಕಾದಂಬರಿಯಿಂದ ಕಾರಣ ಹೇಳುವ ವಾಕ್ಯಗಳನ್ನೆಲ್ಲ ಕಿತ್ತೆ. ಓಟ ತಾನಾಗಿ ಬಂತು. ಕತೆಯ ಹುಡುಗಿಗೆ ಹತ್ತು ತುಂಬಿದ ಮೇಲೆ ವಾಕ್ಯದಲ್ಲಿ ಇನ್ನೊಂದು ಬದಲಾವಣೆ ಮಾಡಿದ್ದೇನೆ. ಅದನ್ನು ಇಲ್ಲಿ ಬಿಚ್ಚಿ ಹೇಳಲ್ಲ.

ದುಡ್ಡಿನ ವಿಷಯ. ಡಿಟಿಪಿ (ಟೈಪ್ ಮಾಡಿ ಪುಟ ಜೋಡಿಸುವ ಕೆಲಸ), ಮುಖಪುಟ, ಅಚ್ಚು ಸೇರಿ 45 ಸಾವಿರದ ಹತ್ತಿರ ಹೋಯಿತು. ಡಿಟಿಪಿ ಮಾಡಿದವರು "ನೋಡ್ದೆ" ಇದ್ದಲ್ಲೆಲ್ಲ "ನೋಡಿದೆನು" ಮಾಡಿಟ್ಟಿದ್ದರು, 60 ಪುಟ! ಒಳ್ಳೆಯದಕ್ಕೇ ತಿದ್ದಿದ್ದು ಅಂದರು. ಅದನ್ನು ಸರಿ ಮಾಡಿಸಲು ಮತ್ತೆ 4 ಸಾವಿರ ಕೊಟ್ಟೆ. ಪ್ರತಿಗೆ 180 ರೂಪಾಯಿ ಇಟ್ಟಿದ್ದೆ. ಅಂಗಡಿಯವರ ಕಮಿಷನ್ ಕಳೆದು ಹಾಕಿದ್ದು ಬಂತು, ಮೇಲೆ ಸ್ವಲ್ಪ ಉಳಿಯಿತು.

ಎರಡನೇ ಮುದ್ರಣಕ್ಕೆ ಕೊಟ್ಟಿದ್ದೇನೆ. ಈ ಸಲ ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯಲ್ಲಿ ನಾನೇ ಕೂತು ಟೈಪ್ ಮಾಡಿದೆ.