ರೇಡ್ 5ರಲ್ಲಿ ಎರಡು ಡಿಸ್ಕ್ ಹೋದರೂ ಡೇಟಾ ವಾಪಸ್ ಬಂತು: ನನ್ನ ಅನುಭವ

"ಎರಡು ಡಿಸ್ಕ್ ಹೋದ ಮೇಲೆ ರೇಡ್ 5 ಮುಗೀತು ಸರ್. ಫಾರ್ಮ್ಯಾಟ್ ಹೊಡೆದು ಹೊಸದಾಗಿ ಶುರು ಮಾಡಿ."

ಈ ಮಾತು ಹೇಳಿದವರು ಒಬ್ಬಿಬ್ಬರಲ್ಲ. ನಮ್ಮ ತಂಡದಲ್ಲಿ ಸರ್ವರ್ ನೋಡಿಕೊಳ್ಳುವ ಹಿರಿಯರು ಹೇಳಿದರು. ನ್ಯಾಸ್ ಬಾಕ್ಸ್ (ಎಲ್ಲರೂ ನೆಟ್‌ವರ್ಕ್ ಮೂಲಕ ಫೈಲ್ ಇಡುವ ಡಿಸ್ಕ್ ಪೆಟ್ಟಿಗೆ) ಮಾಡಿದ ಕಂಪನಿಯ ಸಪೋರ್ಟ್‌ನವರೂ ಅದನ್ನೇ ಹೇಳಿದರು. ರೇಡ್ 5 ಅಂದರೆ ಹಲವು ಡಿಸ್ಕ್ ಸೇರಿಸಿ ಒಂದೇ ಜಾಗದ ಹಾಗೆ ಬಳಸೋದು. ಪ್ಯಾರಿಟಿ ಅನ್ನೋ ಲೆಕ್ಕವನ್ನೂ ಜೊತೆಗೆ ಬರೆದಿಡೋದರಿಂದ ಒಂದು ಡಿಸ್ಕ್ ಹೋದರೆ ತಡೆಯುತ್ತೆ, ಎರಡು ಹೋದರೆ ಇಲ್ಲ. ಕೊನೆಗೆ ಮೂರು ವಾರ ಹಿಡಿಯಿತು. ಆದರೆ ಸುಮಾರು 7 ಟಿಬಿಯಲ್ಲಿ ನಾನು ಕಳೆದುಕೊಂಡಿದ್ದು ಬರೀ ಒಂಬತ್ತು ಫೈಲ್. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಬಾಕ್ಸ್‌ನಲ್ಲಿ ಇದ್ದದ್ದು 4 ಟಿಬಿಯ ನಾಲ್ಕು ಡಿಸ್ಕ್. ರೇಡ್ 5, ಅದರ ಮೇಲೆ ಎಲ್‌ವಿಎಂ (ಜಾಗ ಹಂಚುವ ಪದರ), ಅದರ ಮೇಲೆ ಎಕ್ಸ್ಟ್4 (ಲಿನಕ್ಸ್‌ನ ಫೈಲ್ ಸಿಸ್ಟಮ್). ಮೊದಲು ಮೂರನೇ ಡಿಸ್ಕ್ ಹೊರಗೆ ಬಿತ್ತು. ಮೇಲ್ ಅಲರ್ಟ್ ಸೆಟ್ ಆಗಿರಲಿಲ್ಲ, ಬೀಪ್ ಶಬ್ದವನ್ನು ಯಾರೋ ಆಫ್ ಮಾಡಿದ್ದರು. ಹಾಗಾಗಿ ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ, ಎಲ್ಲರೂ ಅದರ ಮೇಲೆ ಕೆಲಸ ಮಾಡುತ್ತಲೇ ಇದ್ದರು. ಗೊತ್ತಾದ ದಿನವೇ ನಾನು ಹೊಸ ಡಿಸ್ಕ್ ಹಾಕಿ ರೀಬಿಲ್ಡ್‌ಗೆ (ಉಳಿದವುಗಳಿಂದ ಲೆಕ್ಕ ಹಾಕಿ ಹೊಸದನ್ನು ತುಂಬೋದಕ್ಕೆ) ಬಿಟ್ಟೆ. 60 ಪರ್ಸೆಂಟ್ ದಾಟಿರಬೇಕು, ಎರಡನೇ ಡಿಸ್ಕ್ ಓದೋದಕ್ಕೆ ತಡವರಿಸಿತು. ಬಾಕ್ಸ್ ಅದನ್ನೂ ಹೊರಗೆ ಹಾಕಿತು. ವಾಲ್ಯೂಮ್ ಕ್ರ್ಯಾಶ್. ಕೈಯಲ್ಲಿ ಉಳಿದ ಬ್ಯಾಕಪ್ ಎಂಟು ತಿಂಗಳು ಹಳೆಯದು.

ಇಲ್ಲಿಂದ ಮೊದಲ ನಾಲ್ಕು ದಿನ ನಾನು ಮಾಡಿದ್ದೆಲ್ಲ ತಪ್ಪು.

ಮೊದಲ ತಪ್ಪು, ಬಾಕ್ಸನ್ನು ಆಫ್ ಮಾಡಿ ಆನ್ ಮಾಡುತ್ತಾ ಕೂತಿದ್ದು. ಪ್ರತಿ ಸಲ ಆನ್ ಮಾಡಿದಾಗಲೂ ಅದು ಎರಡನೇ ಡಿಸ್ಕನ್ನು ಕೆದಕುತ್ತಿತ್ತು. ಡಿಸ್ಕ್ ತನ್ನ ಆರೋಗ್ಯ ಬರೆದಿಡುವ ಸ್ಮಾರ್ಟ್‌ನಲ್ಲಿ 197ನೇ ಸಾಲು, ಅಂದರೆ ಪೆಂಡಿಂಗ್ ಸೆಕ್ಟರ್ (ಓದಲು ಬಾರದ ಚಿಕ್ಕ ತುಂಡುಗಳು), ನಾನು ಮೊದಲು ನೋಡಿದಾಗ 24 ಇತ್ತು. ಡಿಸ್ಕ್ ಹೊರಗೆ ತೆಗೆಯುವಷ್ಟರಲ್ಲಿ 150 ದಾಟಿತ್ತು. ಕೆಲಸ ಮುಗಿಯುವ ಹೊತ್ತಿಗೆ 300ರ ಹತ್ತಿರ.

ಎರಡನೆಯದು, ಅವಸರಕ್ಕೆ ಫೋಟೋರೆಕ್ (ಡಿಸ್ಕ್‌ನಿಂದ ಫೈಲ್ ಹೆಕ್ಕುವ ಪ್ರೋಗ್ರಾಂ) ಓಡಿಸಿದ್ದು. ಎರಡು ದಿನ ಓಡಿತು. ಲಕ್ಷಗಟ್ಟಲೆ ಫೈಲ್ ಉಗುಳಿತು, ಒಂದಕ್ಕೂ ಹೆಸರಿಲ್ಲ. ಒಂದೊಂದೇ ಡಿಸ್ಕ್ ಮೇಲೆ ಓಡಿಸಿದರೆ ಚಂಕ್ ಸೈಜ್‌ಗಿಂತ (ರೇಡ್ ಒಂದು ಡಿಸ್ಕ್‌ಗೆ ಒಮ್ಮೆಗೆ ಹಾಕುವ ತುಂಡಿಗಿಂತ) ದೊಡ್ಡ ಫೈಲ್ ಪೂರ್ತಿ ಸಿಗೋದಿಲ್ಲ ಅಂತ ನನಗೆ ಗೊತ್ತಿತ್ತು. ನಮ್ಮ ಚಂಕ್ 64 ಕೆಬಿ. ಫೋಟೋಗಳ ಮೇಲಿನ ಒಂದು ಪಟ್ಟಿ ಮಾತ್ರ ಕಾಣುತ್ತಿತ್ತು, ಕೆಳಗೆಲ್ಲ ಬೂದು ಬಣ್ಣ. ಆ ಚಿತ್ರಗಳನ್ನು ನೋಡಿ ತಂಡದವರ ಮುಖ ಇನ್ನೂ ಬಾಡಿತು.

ಮೂರನೆಯದು ಯುಎಸ್‌ಬಿ ಡಾಕ್. ಡಿಸ್ಕ್ ಹಾಕಿದರೆ ಪಾರ್ಟಿಷನ್ನೇ ಕಾಣಲಿಲ್ಲ. ಪಾರ್ಟಿಷನ್ ಟೇಬಲ್ ಕೂಡ ಹೋಯಿತು ಅಂತ ಒಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಆ ಡಾಕ್ 512 ಬೈಟ್‌ನ ಸೆಕ್ಟರನ್ನು 4096 ಅಂತ ತೋರಿಸುತ್ತಿತ್ತು. ಹೀಗೆ ಮಾಡುವ ಡಾಕ್‌ಗಳು ಇವೆ. ಅದನ್ನು ಪಕ್ಕಕ್ಕಿಟ್ಟೆ. ಹಳೆಯ ಡೆಸ್ಕ್‌ಟಾಪ್‌ನ ಸಾಟಾ ಪೋರ್ಟ್‌ಗೆ ನೇರವಾಗಿ ಹಾಕಿದರೆ ಎಲ್ಲವೂ ಸರಿಯಾಗಿ ಕಂಡಿತು.

ಇಷ್ಟರಲ್ಲಿ ಡೇಟಾ ರಿಕವರಿ ಲ್ಯಾಬ್‌ನಿಂದ ಕೊಟೇಶನ್ ಬಂತು. ಅವರು ಕೇಳಿದ ಹಣದಲ್ಲಿ ಅಂಥದ್ದೇ ಬಾಕ್ಸ್‌ಗಳನ್ನು ಡಿಸ್ಕ್ ಸಮೇತ ಎರಡು ಕೊಳ್ಳಬಹುದಿತ್ತು. ಡಿಸ್ಕ್ ನೋಡೋದಕ್ಕೇ ಬೇರೆ ಫೀ, ಅದು ವಾಪಸ್ ಬರೋದಿಲ್ಲ. ಡೇಟಾ ಸಿಕ್ಕೇ ಸಿಗುತ್ತೆ ಅನ್ನೋ ಮಾತೂ ಇಲ್ಲ. ನಾನು ಲೆಕ್ಕ ಹಾಕಿದೆ. 8 ಟಿಬಿಯ ಮೂರು ಡಿಸ್ಕ್ ಬೇಕು: ಎರಡರಲ್ಲಿ ನಾಲ್ಕು ಇಮೇಜ್ (ಡಿಸ್ಕ್‌ನ ಪೂರ್ತಿ ನಕಲು), ಒಂದರಲ್ಲಿ ಹೊರಗೆ ತೆಗೆದ ಡೇಟಾ. ಜೊತೆಗೆ ಒಂದು ಸಾಟಾ ಕಾರ್ಡ್, ನಾಲ್ಕು ಒಳ್ಳೆಯ ಕೇಬಲ್. ಒಟ್ಟು ಖರ್ಚು ಲ್ಯಾಬ್‌ನವರು ಕೇಳಿದ್ದರ ಮೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಕೆಲಸ ಆಗದಿದ್ದರೂ ಡಿಸ್ಕ್‌ಗಳು ನಮ್ಮ ಹತ್ತಿರವೇ ಇರುತ್ತವಲ್ವಾ? ಹೀಗೆ ಹೇಳಿದ ಮೇಲೆ ಹಣ ಕೊಡುವವರು ಒಪ್ಪಿದರು. ಹಿರಿಯರು ಮಾತ್ರ, "ಸುಮ್ನೆ ದುಡ್ಡು ಹಾಳು ಮಾಡ್ತಿದ್ದೀರಿ" ಅಂದರು.

ಅಲ್ಲಿಂದ ಒಂದೇ ನಿಯಮ ಇಟ್ಟುಕೊಂಡೆ. ಅಸಲಿ ಡಿಸ್ಕ್‌ಗಳನ್ನು ಒಂದೇ ಸಲ ಓದೋದು, ಅದೂ ಕೆಟ್ಟ ಡಿಸ್ಕ್ ನಕಲು ಮಾಡುವ ಡಿಡಿರೆಸ್ಕ್ಯೂ ಪ್ರೋಗ್ರಾಂನಿಂದ. ಆಮೇಲೆ ಅವನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ಇಡೋದು.

ಒಂದು, ಮೂರು, ನಾಲ್ಕನೇ ಡಿಸ್ಕ್ ಒಂದೊಂದು ಸುಮಾರು ಎಂಟು ಗಂಟೆಯಲ್ಲಿ ಮುಗಿದವು. ಒಂದೂ ಎರರ್ ಇಲ್ಲ. ಮೂರನೆಯದು "ಸತ್ತಿದೆ" ಅಂತ ಬಾಕ್ಸ್ ಹೇಳಿದ್ದ ಡಿಸ್ಕ್ ಅನ್ನೋದನ್ನು ನೆನಪಿಡಿ. ಅದು ಹೋಯಿತು ಅಂತ ತೆಗೆದಿಟ್ಟಾಗ, ಅಳಿಸಿ ಬೇರೆ ಕಡೆ ಹಾಕಿಕೊಳ್ಳೋಣ ಅಂತ ಒಬ್ಬರು ಕೇಳಿದ್ದರು. ನಾನು ಕೊಟ್ಟಿರಲಿಲ್ಲ. ಆ ಒಂದು ನಿರ್ಧಾರದ ಬೆಲೆ ಆಮೇಲೆ ಗೊತ್ತಾಯಿತು.

ಎರಡನೇ ಡಿಸ್ಕ್‌ಗೆ ಆರು ದಿನ. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಬಂದ ಕೂಡಲೇ ಹಾರಿ ಮುಂದೆ ಹೋಗುವ ಹಾಗೆ ಬಿಟ್ಟೆ, ಸ್ಕ್ರೇಪ್ (ಕೆಟ್ಟ ಜಾಗವನ್ನು ಒಂದೊಂದೇ ಸೆಕ್ಟರ್ ಓದೋದು) ಮಾಡಲಿಲ್ಲ. ಒಂದೂವರೆ ದಿನದಲ್ಲಿ ಸುಮಾರು 14 ಎಂಬಿ ಬಿಟ್ಟು ಮಿಕ್ಕಿದ್ದೆಲ್ಲ ಬಂತು. ಆಮೇಲೆ ಟ್ರಿಮ್ (ಕೆಟ್ಟ ಜಾಗದ ಅಂಚು ಓದೋದು), ಸ್ಕ್ರೇಪ್. 2 ಎಂಬಿಗೆ ಇಳಿಯಿತು. ಆಮೇಲೆ ಕೊನೆಯಿಂದ ಮೊದಲಿನ ಕಡೆಗೆ ಓದಿಸಿದೆ, ಮೂರು ಸಲ ರಿಟ್ರೈ. ಕೊನೆಗೆ ಉಳಿದಿದ್ದು 900 ಕೆಬಿ, ಅಂದರೆ 512 ಬೈಟ್‌ನ ಲೆಕ್ಕದಲ್ಲಿ 1,800 ಸೆಕ್ಟರ್. ಎಲ್ಲಿವರೆಗೆ ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಇಟ್ಟುಕೊಂಡಿದ್ದರಿಂದ ನಡುವೆ ಎರಡು ಸಲ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರೆಯಿತು.

ಈ ಆರು ದಿನದಲ್ಲಿ ಕೈ ಸುಮ್ಮನಿರಲಿಲ್ಲ. ಡಿಸ್ಕನ್ನು ಮಗುಚಿ ಇಟ್ಟು ಓದಿಸಿ ನೋಡಿದೆ, ಏನೂ ವ್ಯತ್ಯಾಸ ಆಗಲಿಲ್ಲ. ಫ್ಯಾನ್ ಇಟ್ಟು 48 ಡಿಗ್ರಿಯಿಂದ 36ಕ್ಕೆ ಇಳಿಸಿದೆ. ಫ್ರೀಜರ್‌ನಲ್ಲಿಡಿ ಅಂತ ಇಬ್ಬರು ಹೇಳಿದರು. ಅದನ್ನು ಮಾತ್ರ ಮಾಡಲಿಲ್ಲ. ಹೊರಗೆ ತೆಗೆದ ಕೂಡಲೇ ತೇವ ಕಟ್ಟುತ್ತೆ, ಪ್ಲ್ಯಾಟರ್ ಮೇಲೆ ಒಂದು ಹನಿ ಸಾಕು.

ಬಾಕ್ಸ್‌ನ ಪವರ್ ಅಡಾಪ್ಟರ್ ಮೇಲೂ ಅನುಮಾನ ಇತ್ತು. ಮೂರನೇ ಡಿಸ್ಕ್ ಚೆನ್ನಾಗಿದ್ದರೆ ಬಾಕ್ಸ್ ಅದನ್ನು ಯಾಕೆ ಹೊರಗೆ ಹಾಕಿತು? ಮಲ್ಟಿಮೀಟರ್ ಹಿಡಿದೆ. ಲೋಡ್ ಇಲ್ಲದಾಗ 12.1 ವೋಲ್ಟ್, ಏನೂ ತೊಂದರೆ ಇಲ್ಲ. ಬೇರೆ ನಾಲ್ಕು ಹಳೆಯ ಡಿಸ್ಕ್ ಹಾಕಿ ಒಟ್ಟಿಗೆ ತಿರುಗಿಸಿದೆ. ಆ ಕ್ಷಣಕ್ಕೆ 10.9ಕ್ಕೆ ಕುಸಿಯಿತು. 12 ವೋಲ್ಟ್ ಲೈನ್ 11.4ಕ್ಕಿಂತ ಕೆಳಗೆ ಹೋಗಬಾರದು. ಅಡಾಪ್ಟರ್ ಬಿಚ್ಚಿದೆ, ಎರಡು ಕೆಪಾಸಿಟರ್ ತಲೆ ಉಬ್ಬಿತ್ತು. ಇಷ್ಟೆಲ್ಲ ಗೋಳಿಗೆ ಶುರು ಅಲ್ಲಿಂದ. ಡಿಸ್ಕ್ ಸಾಯಲಿಲ್ಲ, ಒಂದು ಕ್ಷಣ ಹಸಿವಾಗಿ ಬಿದ್ದಿತ್ತು ಅಷ್ಟೇ. ಎರಡನೆಯದು ಮಾತ್ರ ನಿಜಕ್ಕೂ ಕೆಟ್ಟಿತ್ತು. ಅದು ಡೆಸ್ಕ್‌ಟಾಪ್ ದರ್ಜೆಯ ಡಿಸ್ಕ್. ಕೆಟ್ಟ ಸೆಕ್ಟರ್ ಸಿಕ್ಕರೆ ನಿಮಿಷಗಟ್ಟಲೆ ಅಲ್ಲೇ ಒದ್ದಾಡುತ್ತೆ. ಲಿನಕ್ಸ್ ಕರ್ನಲ್ ಕಾಯೋದು 30 ಸೆಕೆಂಡ್. ಆಮೇಲೆ ಡಿಸ್ಕ್ ಉತ್ತರ ಕೊಡ್ತಿಲ್ಲ ಅಂತ ರೀಸೆಟ್. ನ್ಯಾಸ್‌ಗೆ ಅಂತಲೇ ಮಾಡಿದ ಡಿಸ್ಕ್‌ಗಳು 7 ಸೆಕೆಂಡಿನಲ್ಲಿ ಕೈ ಚೆಲ್ಲಿ ಎರರ್ ಹೇಳುತ್ತವೆ. ಆಗ, ಉಳಿದ ಡಿಸ್ಕ್‌ಗಳೆಲ್ಲ ಇದ್ದರೆ, ರೇಡ್ ಪ್ಯಾರಿಟಿಯಿಂದ ತುಂಬಿಕೊಂಡು ಮುಂದೆ ಹೋಗುತ್ತೆ. ಖರೀದಿಯಲ್ಲಿ ಸ್ವಲ್ಪ ಹಣ ಉಳಿಸಿದ್ದು ಇಲ್ಲಿ ಬಂದು ಹೊಡೆಯಿತು.

ಈಗ ಜೋಡಿಸುವ ಕೆಲಸ. ಇಲ್ಲಿ ಇನ್ನೊಂದು ದೊಡ್ಡ ತಪ್ಪು ಮಾಡಿದೆ. ಯಾರೋ ಹೇಳಿದ್ದರು ಅಂತ ಲಿನಕ್ಸ್‌ನಲ್ಲಿ ರೇಡ್ ಜೋಡಿಸುವ ಎಂಡಿಆಡಮ್‌ನಲ್ಲಿ ಕ್ರಿಯೇಟ್ ಹೊಡೆದೆ, ನಾಲ್ಕೂ ಇಮೇಜ್ ಕೊಟ್ಟು. ಹೊಸ ಎಂಡಿಆಡಮ್‌ನ ಡೀಫಾಲ್ಟ್ ಚಂಕ್ 512 ಕೆಬಿ, ಡೇಟಾ ಆಫ್‌ಸೆಟ್ (ಡೇಟಾ ಶುರುವಾಗುವ ಜಾಗ) 128 ಎಂಬಿ. ನಮ್ಮ ಬಾಕ್ಸ್‌ನದು 64 ಕೆಬಿ, ಆಫ್‌ಸೆಟ್ 2048 ಸೆಕ್ಟರ್. ಕಣ್ಣು ಮುಚ್ಚಿ ಬಿಡುವುದರಲ್ಲಿ ಅದು ಕೊನೆಯ ಡಿಸ್ಕ್ ಮೇಲೆ ರೀಬಿಲ್ಡ್ ಬರೆಯೋದಕ್ಕೆ ಶುರು ಮಾಡಿತ್ತು. ನಾಲ್ಕೂ ಸೂಪರ್‌ಬ್ಲಾಕ್ (ರೇಡ್‌ನ ವಿವರ ಇರುವ ಭಾಗ) ಹೋಯಿತು, ನಾಲ್ಕನೇ ಇಮೇಜ್ ಪೂರ್ತಿ ಹಾಳು. ಅಸಲಿ ಡಿಸ್ಕ್ ಪೆಟ್ಟಿಗೆಯಲ್ಲಿ ಇದ್ದಿದ್ದರಿಂದ ಉಳಿದೆ. ನಾಲ್ಕನೆಯದನ್ನು ಮತ್ತೆ ಕಾಪಿ ಮಾಡಿದೆ, ಉಳಿದವುಗಳ ಸೂಪರ್‌ಬ್ಲಾಕ್ ಇರುವ ಮೊದಲ ಭಾಗವನ್ನು ಮಾತ್ರ ಮತ್ತೆ ತಂದೆ. ಒಂದು ದಿನ ಹೋಯಿತು.

ಆಮೇಲೆ ಇಮೇಜ್‌ಗಳನ್ನೂ ರೀಡ್ ಓನ್ಲಿ ಮಾಡಿದೆ. ಪ್ರತಿಯೊಂದರ ಮೇಲೆ ಡಿಎಂಸೆಟಪ್‌ನಿಂದ ಒಂದು ಸ್ನ್ಯಾಪ್‌ಶಾಟ್ ಓವರ್‌ಲೇ. ಬರೆಯೋದೆಲ್ಲ 50 ಜಿಬಿಯ ಸ್ಪಾರ್ಸ್ (ಬರೆದಷ್ಟೇ ಜಾಗ ಹಿಡಿಯುವ) ಫೈಲ್‌ಗೆ ಹೋಗುತ್ತೆ. ತಪ್ಪಾದರೆ ಆ ಫೈಲ್ ಅಳಿಸಿದರೆ ಆಯಿತು, ಎರಡು ನಿಮಿಷದಲ್ಲಿ ಮತ್ತೆ ಮೊದಲಿನ ಸ್ಥಿತಿ. ಇದನ್ನು ಮೊದಲೇ ಮಾಡಿದ್ದರೆ ಆ ಒಂದು ದಿನ ಉಳಿಯುತ್ತಿತ್ತು.

ಎಂಡಿಆಡಮ್‌ಗೆ ಎಕ್ಸಾಮಿನ್ ಕೊಟ್ಟು ಈವೆಂಟ್ ಕೌಂಟ್ (ಯಾವ ಡಿಸ್ಕ್ ಎಷ್ಟು ಹೊಸದು ಅಂತ ಹೇಳುವ ಎಣಿಕೆ) ನೋಡಿದೆ. ಒಂದು ಮತ್ತು ನಾಲ್ಕರದ್ದು 21,640ರ ಆಸುಪಾಸು. ಎರಡರದ್ದು ಅದಕ್ಕಿಂತ 30 ಕಡಿಮೆ. ಮೂರರದ್ದು 19,000 ಚಿಲ್ಲರೆ, ಹಳೆಯದು. ಅಂದರೆ ಒಂದು, ಎರಡು, ನಾಲ್ಕು ಸಾಕು. ಎಣಿಕೆ ಬೇರೆ ಇದ್ದರೂ ಜೋಡಿಸು ಅಂತ ಅಸೆಂಬಲ್ ಫೋರ್ಸ್ ಕೊಟ್ಟೆ. ಎದ್ದಿತು! ಎಲ್‌ವಿಎಂ ಎಬ್ಬಿಸಿದೆ. ಏನೂ ಬರೆಯದ ಹಾಗೆ ರೀಡ್ ಓನ್ಲಿ ಜೊತೆ ನೋಲೋಡ್ ಹಾಕಿ ಮೌಂಟ್ ಮಾಡಿದೆ. ಫೋಲ್ಡರ್‌ಗಳೆಲ್ಲ ಹೆಸರಿನ ಸಮೇತ ಕಂಡವು. ಆಗ ರಾತ್ರಿ ಎರಡು ಗಂಟೆ. ಸ್ಕ್ರೀನ್‌ಶಾಟ್ ತೆಗೆದು ಮೊದಲು ಕಳಿಸಿದ್ದು ಆ ಹಿರಿಯರಿಗೆ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಆ 1,800 ಸೆಕ್ಟರ್ ಕಾಡುತ್ತಿತ್ತು. ಮೂರೇ ಡಿಸ್ಕ್‌ನಲ್ಲಿ ಓಡುತ್ತಿರುವಾಗ ಒಂದರಲ್ಲಿ ತೂತಿದ್ದರೆ ತೊಂದರೆ ಎರಡು ಪಟ್ಟು. ತೂತಿನ ಜಾಗದ ಡೇಟಾ ಇಲ್ಲ, ಅದನ್ನು ನಂಬಿ ಲೆಕ್ಕ ಹಾಕುವ ಮೂರನೇ ಡಿಸ್ಕ್‌ನ ಡೇಟಾವೂ ತಪ್ಪು.

ಆಗ ನೆನಪಾಗಿದ್ದು ಆ "ಸತ್ತ" ಮೂರನೇ ಡಿಸ್ಕ್. ಅದು ಮೂರು ವಾರ ಹಳೆಯದು, ನಿಜ. ಆದರೆ ಮೂರು ವಾರದಲ್ಲಿ 7 ಟಿಬಿಯೂ ಬದಲಾಗಿರುತ್ತಾ? ಹೆಚ್ಚಿನ ಸ್ಟ್ರೈಪ್‌ಗಳನ್ನು (ನಾಲ್ಕೂ ಡಿಸ್ಕ್‌ನಲ್ಲಿ ಒಂದೇ ಸಾಲಿಗೆ ಬರುವ ತುಂಡುಗಳನ್ನು) ಯಾರೂ ಮುಟ್ಟಿರೋದಿಲ್ಲ. ಮುಟ್ಟದ ಸ್ಟ್ರೈಪ್‌ನಲ್ಲಿ ನಾಲ್ಕೂ ಡಿಸ್ಕ್ ಎಕ್ಸಾರ್ (ಪ್ಯಾರಿಟಿ ತೆಗೆಯುವ ಬಿಟ್ ಲೆಕ್ಕ) ಮಾಡಿದರೆ ಸೊನ್ನೆ ಬರಬೇಕು. ಹಾಗಾದರೆ ಒಂದು, ಮೂರು, ನಾಲ್ಕರ ಅದೇ ಆಫ್‌ಸೆಟ್ ಎಕ್ಸಾರ್ ಮಾಡಿದರೆ ಎರಡನೆಯದರ ತೂತು ತುಂಬುತ್ತೆ. ಚಂಕ್ ಎಷ್ಟು, ಪ್ಯಾರಿಟಿ ಎಲ್ಲಿದೆ ಅನ್ನೋದು ಕೂಡ ಬೇಕಾಗಿಲ್ಲ. ಇದನ್ನು ಹೇಳಿದಾಗ ಹಿರಿಯರು ಒಪ್ಪಲಿಲ್ಲ. "ಹಳೇ ಡಿಸ್ಕ್ ಸೇರಿಸಿದ್ರೆ ಇರೋದೂ ಕೆಡುತ್ತೆ" ಅಂದರು. ಅವರ ಭಯ ಸರಿಯೇ. ಆ ಡಿಸ್ಕನ್ನು ರೇಡ್‌ಗೆ ಸೇರಿಸಿದ್ದರೆ ಕೆಡುತ್ತಿತ್ತು. ನಾನು ಸೇರಿಸಲಿಲ್ಲ, ಅದರಿಂದ ಬರೀ ಲೆಕ್ಕ ತೆಗೆದುಕೊಂಡೆ.

ಯಾವ ಸ್ಟ್ರೈಪ್ ಮುಟ್ಟಿದ್ದು, ಯಾವುದು ಮುಟ್ಟದ್ದು ಅಂತ ಹೇಗೆ ತೀರ್ಮಾನಿಸಿದೆ ಅನ್ನೋದನ್ನು ಪೂರ್ತಿ ಬರೆಯೋದಿಲ್ಲ. ಆ ಸ್ಕ್ರಿಪ್ಟ್‌ಗೆ ನಾಲ್ಕು ರಾತ್ರಿ ಕೊಟ್ಟಿದ್ದೇನೆ, ಅದು ನನ್ನ ಹತ್ತಿರವೇ ಇರಲಿ. ಕೆಟ್ಟ ಸೆಕ್ಟರ್‌ನ ಅಕ್ಕಪಕ್ಕದ ಓದಲು ಬಂದ ಸೆಕ್ಟರ್‌ಗಳಿಂದ ಶುರು ಮಾಡಿ, ದಾರಿ ಸಿಗುತ್ತೆ. 1,800ರಲ್ಲಿ ಸುಮಾರು 1,700 ತುಂಬಿದವು.

ಉಳಿದ ನೂರಕ್ಕೆ ಬೇರೆ ಉಪಾಯ. ಆ ಜಾಗಗಳನ್ನು ಡಿಡಿರೆಸ್ಕ್ಯೂನ ಫಿಲ್ ಮೋಡ್‌ನಿಂದ ಗುರುತಿನ ಅಕ್ಷರಗಳಿಂದ ತುಂಬಿದೆ. ಆಮೇಲೆ ಫೈಲ್‌ಗಳಲ್ಲಿ ಆ ಅಕ್ಷರಗಳನ್ನು ಹುಡುಕಿಸಿದೆ. ತೂತು ಪ್ಯಾರಿಟಿ ಮೇಲೆ ಬಿದ್ದಿದ್ದರೆ ಈ ಗುರುತು ಕಾಣೋದಿಲ್ಲ, ಅದಕ್ಕೆ ಆ ಆಫ್‌ಸೆಟ್‌ನಿಂದ ಬ್ಲಾಕ್ ನಂಬರ್ ಲೆಕ್ಕ ಹಾಕಿ ಡೀಬಗ್‌ಎಫ್‌ಎಸ್‌ನಲ್ಲಿ (ಎಕ್ಸ್ಟ್4 ಒಳಗೆ ಇಣುಕುವ ಪ್ರೋಗ್ರಾಂ) ಯಾವ ಫೈಲ್ ಅಂತ ಕೇಳಬೇಕಾಯಿತು. ಎರಡೂ ಸೇರಿ ಒಂಬತ್ತು ಫೈಲ್. ಆರು ವಿಡಿಯೋ, ಎರಡು ಸ್ಪ್ರೆಡ್‌ಶೀಟ್, ಒಂದು ಜಿಪ್. ವಿಡಿಯೋಗಳು ಒಂದು ಕ್ಷಣ ಚದುರಿ ಮತ್ತೆ ಸರಿಯಾಗಿ ಓಡುತ್ತವೆ, ಆದರೂ ನಷ್ಟದ ಲೆಕ್ಕಕ್ಕೇ ಬರೆದಿದ್ದೇನೆ.

ಡೀಬಗ್‌ಎಫ್‌ಎಸ್ ಅಂದಾಗ ಇನ್ನೊಂದು ನೆನಪು. ಹಿಂದೊಮ್ಮೆ ಒಂದೇ ಡಿಸ್ಕ್‌ನ ಹಳೆಯ ನ್ಯಾಸ್ ಒಂದು ಬಂದಿತ್ತು, ಪವರ್‌ಪಿಸಿ ಪ್ರೊಸೆಸರ್‌ನದು. ಡಿಸ್ಕ್ ಚೆನ್ನಾಗಿತ್ತು, ಪಿಸಿಯಲ್ಲಿ ಮಾತ್ರ ಮೌಂಟ್ ಆಗುತ್ತಿರಲಿಲ್ಲ. ಫೈಲ್ ಸಿಸ್ಟಮ್ ಕೆಟ್ಟಿದೆ ಅಂತ ಎಲ್ಲರೂ ಕೈಬಿಟ್ಟಿದ್ದರು. ಅದರ ಎಕ್ಸ್ಟ್4 ಬ್ಲಾಕ್ 64 ಕೆಬಿ ಇತ್ತು, ಪಿಸಿಯ ಮೆಮೊರಿ ಪೇಜ್ 4 ಕೆಬಿ, ಅದಕ್ಕೇ ಕರ್ನಲ್ ಒಪ್ಪುತ್ತಿರಲಿಲ್ಲ. ಮೌಂಟ್ ಮಾಡದೆಯೇ ಡೀಬಗ್‌ಎಫ್‌ಎಸ್‌ನ ಆರ್‌ಡಂಪ್ ಕಮಾಂಡ್‌ನಿಂದ ಎಲ್ಲ ಹೊರಗೆ ತೆಗೆದೆ. ಅರ್ಧ ದಿನದ ಕೆಲಸ, ಒಂದು ಕಾಸೂ ಖರ್ಚಿಲ್ಲ.

ಈ ಸಲ ಕೊನೆಯ ಪರೀಕ್ಷೆ ಹಳೆಯ ಬ್ಯಾಕಪ್‌ನಿಂದ. ಎರಡೂ ಕಡೆ ಇದ್ದ, ತಾರೀಖು ಬದಲಾಗದ ಫೈಲ್‌ಗಳು ಮೂರು ಲಕ್ಷದ ಹತ್ತಿರ. ಎಲ್ಲದರ ಚೆಕ್‌ಸಮ್ (ಫೈಲ್‌ನ ಒಳಗಿನದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸಿದೆ. ವ್ಯತ್ಯಾಸ ಬಂದಿದ್ದು ಎರಡೇ, ಎರಡೂ ಆ ಒಂಬತ್ತರ ಪಟ್ಟಿಯಲ್ಲೇ ಇದ್ದವು. ಬ್ಯಾಕಪ್‌ನಲ್ಲಿದ್ದ ಪ್ರತಿಯಿಂದ ಅವೂ ಸಿಕ್ಕವು, ಹಾಗಾಗಿ ನಿಜವಾದ ನಷ್ಟ ಏಳು ಅಂತಲೂ ಹೇಳಬಹುದು. ಆ ಪಟ್ಟಿಯನ್ನು ಪ್ರಿಂಟ್ ತೆಗೆದು ಹಿರಿಯರ ಮೇಜಿನ ಮೇಲೆ ಇಟ್ಟೆ. ಅವರು ಎರಡು ಸಲ ಓದಿದರು. ಆಮೇಲೆ, "ಆ ಎಕ್ಸಾರ್ ಸ್ಕ್ರಿಪ್ಟ್ ಒಂದ್ಸಲ ತೋರಿಸ್ತೀರಾ?" ಅಂದರು. ಅವರಿಗೆ ತೋರಿಸಿದೆ.

ಬಾಕ್ಸ್‌ಗೆ ಈಗ ಹೊಸ ಅಡಾಪ್ಟರ್, ರೇಡ್ 6 (ಎರಡು ಡಿಸ್ಕ್ ಹೋದರೂ ತಡೆಯುತ್ತೆ), ತಿಂಗಳಿಗೊಮ್ಮೆ ಸ್ಕ್ರಬ್ (ಎಲ್ಲ ಡಿಸ್ಕ್ ಓದಿ ಪರೀಕ್ಷಿಸೋದು), ಮೇಲ್ ಅಲರ್ಟ್ ಮೂವರಿಗೆ. ಕೊಂಡ 8 ಟಿಬಿ ಡಿಸ್ಕ್‌ಗಳು ಬ್ಯಾಕಪ್‌ಗೆ ಹೋದವು. ಮೂರನೇ ಡಿಸ್ಕ್‌ಗೆ ಲಾಂಗ್ ಟೆಸ್ಟ್ ಎರಡು ಸಲ ಮಾಡಿಸಿದೆ, ಒಂದೂ ಪೆಂಡಿಂಗ್ ಸೆಕ್ಟರ್ ಇಲ್ಲ. ಅದು ಈಗಲೂ ನನ್ನ ಡೆಸ್ಕ್‌ಟಾಪ್‌ನಲ್ಲಿ ತಿರುಗುತ್ತಿದೆ.