ಕಾಫಿ ಕಣದಲ್ಲಿ ಕಲಿತ ಫಿಗರ್ ಡ್ರಾಯಿಂಗ್: ನನ್ನ ಅನುಭವ

ಕಳೆದ ವರ್ಷ ಮಡಿಕೇರಿ ದಸರಾಕ್ಕೆ, ಪುರಾಣದ ಕಥೆಯ ಮೂರ್ತಿಗಳನ್ನು ಮೆರವಣಿಗೆಯಲ್ಲಿ ತರುವ ಒಂದು ಮಂಟಪ ಸಮಿತಿಯವರು ನನ್ನ ಹತ್ತಿರ ಸ್ಕೆಚ್ ಮಾಡಿಸಿದರು. ರಾಕ್ಷಸ ಹಿಂದಕ್ಕೆ ಬೀಳುತ್ತಿದ್ದಾನೆ, ದೇವಿ ಮುಂದಕ್ಕೆ ಬಾಗಿ ತ್ರಿಶೂಲ ಇಳಿಸುತ್ತಿದ್ದಾಳೆ. ಮೂರ್ತಿ ಮಾಡುವವರು ಹಾಳೆ ನೋಡಿ ಕೇಳಿದ್ದು ಒಂದೇ ಮಾತು, "ಇದಕ್ಕೆ ಯಾರನ್ನ ನಿಲ್ಲಿಸಿದ್ರಿ ಅಣ್ಣ?" ಯಾರನ್ನೂ ನಿಲ್ಲಿಸಿರಲಿಲ್ಲ. ತಲೆಯಲ್ಲಿ ಇದ್ದದ್ದನ್ನೇ ಬರೆದಿದ್ದೆ. ಆರು ವರ್ಷದ ಹಿಂದೆ ಇಂಥದ್ದೇ ಕೆಲಸ ನನ್ನ ಕೈತಪ್ಪಿತ್ತು. ಫಿಗರ್‌ಗಳು, ಅಂದರೆ ಮನುಷ್ಯರ ಆಕೃತಿಗಳು, ಕಂಬ ನೆಟ್ಟ ಹಾಗಿವೆ ಅಂದಿದ್ದರು. ಆ ಮಾತು ನಿಜವೇ ಆಗಿತ್ತು.

ಗೋಣಿಕೊಪ್ಪದಲ್ಲಿ ನನ್ನದು ಬೋರ್ಡ್ ಬರೆಯುವ ಅಂಗಡಿ. ಈಗ ಫ್ಲೆಕ್ಸ್ ಕೆಲಸವೇ ಜಾಸ್ತಿ. ಜೊತೆಗೆ ಡಿಪ್ಲೊಮಾ ಮಾಡಿದ ಗೆಳೆಯರಲ್ಲಿ ಇಬ್ಬರು ಖಂಡಿತವಾಗಿ ಹೇಳಿದ್ದರು, ಫೋಟೋ ರೆಫರೆನ್ಸ್, ಅಂದರೆ ನೋಡಿ ಬರೆಯಲು ಫೋಟೋ, ಇಟ್ಟುಕೊಂಡರೆ ಕೈ ಸೋಮಾರಿಯಾಗುತ್ತದೆ, ಮುಂದೆ ಅದಿಲ್ಲದೆ ಒಂದು ಗೆರೆಯೂ ಬರುವುದಿಲ್ಲ ಅಂತ. ಲೈವ್ ಮಾಡೆಲ್ ಇಲ್ಲದೆ ಫಿಗರ್ ಬರುವುದೇ ಇಲ್ಲ ಅನ್ನುವುದು ಅವರ ವಾದ. ಕೊಡಗಿನಲ್ಲಿ ಕೂತುಕೊಂಡು ಲೈವ್ ಮಾಡೆಲ್ ಎಲ್ಲಿಂದ ತರಲಿ? ಮೈಸೂರಿಗೆ ಹೋಗಿ ಬರಲು ಒಂದು ಇಡೀ ದಿನ ಬೇಕು, ಅಂಗಡಿ ಬಾಗಿಲು ಹಾಕಬೇಕು.

ಮೊದಲು ಕಳೆದುಕೊಂಡ ದುಡ್ಡಿನ ವಿಷಯ. ಕೀಲು ಇರುವ ಮರದ ಗೊಂಬೆ ತರಿಸಿದೆ, ಆರುನೂರೋ ಆರುನೂರೈವತ್ತೋ ಆಯಿತು. ಅದರ ಕೈ ಮೇಲೆತ್ತಿದರೆ ಭುಜ ಇದ್ದಲ್ಲೇ ಇರುತ್ತದೆ. ನಾವು ಕೈ ಎತ್ತಿದಾಗ ಬೆನ್ನಿನ ಹಲಗೆ ಮೂಳೆ ತಿರುಗುತ್ತದೆ, ಭುಜ ಕಿವಿಯ ಕಡೆ ಏರುತ್ತದೆ, ಪಕ್ಕೆಯ ಚರ್ಮ ಎಳೆದುಕೊಳ್ಳುತ್ತದೆ. ಇದರಲ್ಲಿ ಒಂದೂ ಗೊಂಬೆಯಲ್ಲಿಲ್ಲ. ಎರಡು ತಿಂಗಳು ಅದನ್ನು ನೋಡಿ ಬರೆದು, ಎತ್ತಿದ ಕೈಯೆಲ್ಲ ಬಾಗಿಲಿಗೆ ಹಾಕಿದ ಚಿಲಕದ ಹಾಗೆ ಬರತೊಡಗಿತು. ಆಮೇಲೆ ಮೊಬೈಲ್‌ನಲ್ಲಿ ತ್ರೀಡಿ ಪೋಸ್ ಆಪ್ ಹಾಕಿಕೊಂಡೆ, ವರ್ಷಕ್ಕೆ ಸಾವಿರದ ಚಿಲ್ಲರೆ. ಗೊಂಬೆಗಿಂತ ವಾಸಿ, ಆದರೆ ಅಲ್ಲಿನ ದೇಹಕ್ಕೆ ಭಾರವಿಲ್ಲ. ಪಾದ ನೆಲ ಮುಟ್ಟಿರುತ್ತದೆ, ನೆಲವನ್ನು ಒತ್ತಿರುವುದಿಲ್ಲ. ನಂತರ ಒಂದು ಆನ್‌ಲೈನ್ ಕೋರ್ಸ್, ನಾಲ್ಕೂವರೆ ಸಾವಿರ. ಇಪ್ಪತ್ತು ಪಾಠ ಅಂದಿದ್ದವರು ಹನ್ನೊಂದಕ್ಕೆ ನಿಲ್ಲಿಸಿದರು, ದುಡ್ಡು ವಾಪಸ್ ಬರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ನಾನೇ ಮಾಡಿದ್ದು. ಬಟರ್ ಪೇಪರ್ ಇಟ್ಟು ಫೋಟೋ ಟ್ರೇಸ್ ಮಾಡಿದೆ. ಇನ್ನೂರಕ್ಕಿಂತ ಹೆಚ್ಚು ಹಾಳೆ. ಗೆರೆ ಚೆನ್ನಾಗಿತ್ತು, ಮನುಷ್ಯ ಸತ್ತಿದ್ದ. ಟ್ರೇಸ್ ಮಾಡುವಾಗ ಕಣ್ಣು ಅಂಚಿನ ಹಿಂದೆಯೇ ಓಡುತ್ತದೆ, ಭಾರ ಎಲ್ಲಿದೆ ಅಂತ ಒಮ್ಮೆಯೂ ಕೇಳುವುದಿಲ್ಲ. ಗೆಳೆಯರು ಹೇಳಿದ "ಕೈ ಸೋಮಾರಿ" ಅನ್ನುವ ಮಾತು ಟ್ರೇಸಿಂಗ್‌ಗೆ ನೂರಕ್ಕೆ ನೂರು ಸರಿ. ರೆಫರೆನ್ಸ್‌ಗೆ ಅಲ್ಲ. ಈ ಎರಡನ್ನೂ ಒಂದೇ ಅಂದುಕೊಂಡಿದ್ದರಿಂದಲೇ ನನ್ನ ಎರಡು ವರ್ಷ ಹೋಯಿತು.

ದಾರಿ ಸಿಕ್ಕಿದ್ದು ಜನವರಿಯಲ್ಲಿ, ರೊಬಸ್ಟಾ ಕುಯ್ಲಿನ ಹೊತ್ತಿಗೆ. ಪೊನ್ನಂಪೇಟೆ ಹತ್ತಿರ ಪರಿಚಯದವರ ತೋಟಕ್ಕೆ ಬೋರ್ಡ್ ಹಾಕಲು ಹೋಗಿದ್ದೆ. ಕಣದಲ್ಲಿ ಒಬ್ಬ ಅಕ್ಕ ಕಾಫಿ ಹರಡುತ್ತಿದ್ದರು. ಮುಂದಕ್ಕೆ ಬಾಗಿ, ಎಳೆದು, ಹಿಂದಕ್ಕೆ ಕಾಲಿಟ್ಟು, ಮತ್ತೆ ಬಾಗಿ. ಸುಮ್ನೆ ನೋಡುತ್ತಾ ನಿಂತವನಿಗೆ ಒಂದು ವಿಷಯ ಹೊಳೆಯಿತು. ಈ ಭಂಗಿ ಹೋಗುತ್ತದೆ, ಆದರೆ ನಾಲ್ಕು ಸೆಕೆಂಡಿಗೆ ಮತ್ತೆ ಬರುತ್ತದೆ! ಮಾಡೆಲ್ ಅಲ್ಲಾಡದೆ ನಿಲ್ಲಬೇಕಾಗಿಲ್ಲ, ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದರೆ ಸಾಕು. ಬಾಗಿದಾಗ ಬೆನ್ನಿನ ಗೆರೆ, ಮುಂದಿನ ಸುತ್ತಿಗೆ ಸೊಂಟ, ಅದರ ಮುಂದಿನದಕ್ಕೆ ಕಾಲು. ಹತ್ತು ನಿಮಿಷದಲ್ಲಿ ಒಂದು ಭಂಗಿ ಪೂರ್ತಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಕೋಲಾಟವೂ ಹಾಗೇ, ಸುತ್ತು ತಿರುಗಿ ಅದೇ ಹೆಜ್ಜೆ ಬರುತ್ತದೆ.

ಅವತ್ತಿನಿಂದ ತೋಟದ ಕೆಲಸವೇ ನನ್ನ ಮಾಡೆಲ್. ಒಂದು ಕೈಯಲ್ಲಿ ಕಾಫಿ ಗಿಡದ ರೆಕ್ಕೆ (ಕೊಂಬೆ) ಬಗ್ಗಿಸಿ ಇನ್ನೊಂದರಲ್ಲಿ ಹಣ್ಣು ಎಳೆಯುವವರು, ತಲೆ ಮೇಲೆ ಚೀಲ ಹೊತ್ತವರು, ಒಂಟಿ ಬಿದಿರಿನ ಏಣಿಯ ಮೇಲೆ ನಿಂತು ಕರಿಮೆಣಸು ಕೊಯ್ಯುವವರು. ಕೇಳದೆ ಫೋಟೋ ತೆಗೆಯಬೇಡಿ, ಅದು ಮರ್ಯಾದೆಯಲ್ಲ. ನಾನು ಮೊದಲು ಸ್ಕೆಚ್ ತೋರಿಸುತ್ತಿದ್ದೆ, ಆಮೇಲೆ ಕೇಳುತ್ತಿದ್ದೆ. ಕೆಲಸ ಮುಗಿದ ಮೇಲೆ ಹತ್ತು ನಿಮಿಷ ನಿಂತರೆ ನೂರು ರೂಪಾಯಿ. ಒಂದು ಕುಯ್ಲಿಗೆ ಎರಡೂವರೆ ಸಾವಿರದ ಆಸುಪಾಸು ಖರ್ಚಾಯಿತು, ಕೋರ್ಸಿನ ಅರ್ಧದಷ್ಟು.

ಫೋಟೋ ತೆಗೆಯುವುದರಲ್ಲೂ ಏಟು ತಿಂದೆ. ಮೊದಲ ಮುನ್ನೂರು ಫೋಟೋ ದಂಡ. ಹತ್ತಿರ ನಿಂತು ಮೊಬೈಲ್‌ನಲ್ಲಿ ತೆಗೆದಿದ್ದೆ, ತಲೆ ದೊಡ್ಡದು, ಕಾಲು ಚಿಕ್ಕದು, ಮುಂದಕ್ಕೆ ಚಾಚಿದ ಕೈ ಬಾಳೆ ಗೊನೆಯಷ್ಟು. ಮೊಬೈಲ್‌ನ ಮುಖ್ಯ ಕ್ಯಾಮೆರಾ ವೈಡ್ ಇರುತ್ತದೆ, ಸುಮಾರು 24 ರಿಂದ 26 ಎಂಎಂ ಲೆನ್ಸಿನ ಹಾಗೆ. ತಪ್ಪು ಲೆನ್ಸಿನದೂ ಅಲ್ಲ, ನಾವು ನಿಂತ ದೂರದ್ದು. ಹನ್ನೆರಡು ಹದಿಮೂರು ಅಡಿ ಹಿಂದೆ ಹೋಗಿ ಎರಡು ಪಟ್ಟು ಝೂಮ್ ಮಾಡಿ, ಮೊಬೈಲನ್ನು ಕಣ್ಣಿನ ಮಟ್ಟದಲ್ಲಿ ಅಲ್ಲ, ಅವರ ಹೊಟ್ಟೆಯ ಮಟ್ಟದಲ್ಲಿ ಹಿಡಿಯಿರಿ. ಮಧ್ಯಾಹ್ನದ ಬಿಸಿಲು ಬೇಡ, ಕಣದ ನೆಲದಿಂದ ಬೆಳಕು ಮೇಲೆ ಹೊಡೆದು ನೆರಳೇ ಇರುವುದಿಲ್ಲ. ನಾಲ್ಕು ಗಂಟೆಯ ಅಡ್ಡ ಬೆಳಕಿನಲ್ಲಿ ಪಕ್ಕೆಗೂಡು ಎಲ್ಲಿ ಮುಗಿಯುತ್ತದೆ, ಸೊಂಟ ಎಲ್ಲಿ ತಿರುಗಿದೆ ಅಂತ ಬಟ್ಟೆಯ ಮೇಲಿನಿಂದಲೇ ಗೊತ್ತಾಗುತ್ತದೆ.

ಇನ್ನು ಬರೆಯುವ ಕ್ರಮ. ಫೋಟೋವನ್ನು ಒಂದು ನಿಮಿಷ ನೋಡುತ್ತೇನೆ, ಪೆನ್ಸಿಲ್ ಮುಟ್ಟುವುದಿಲ್ಲ. ಆಮೇಲೆ ಮೊಬೈಲ್ ಬೋರಲು ಹಾಕಿ ನೆನಪಿನಿಂದ ಎರಡು ನಿಮಿಷ ಬರೆಯುತ್ತೇನೆ. ತಿರುಗಿಸಿ ನೋಡಿ, ತಪ್ಪಾದಲ್ಲಿ ಕೆಂಪು ಪೆನ್ಸಿಲ್. ಮೂರನೆಯದು ಎಲ್ಲಕ್ಕಿಂತ ಮುಖ್ಯ, ಅದೇ ಭಂಗಿಯನ್ನು ಫೋಟೋದಲ್ಲಿ ಇಲ್ಲದ ಬದಿಯಿಂದ ಬರೆಯುವುದು. ಮೊದಲ ನಾಲ್ಕು ತಿಂಗಳು ಈ ಮೂರನೆಯದು ಒಂದೂ ಸರಿ ಬರಲಿಲ್ಲ, ಹಾಳೆ ಹರಿದು ಹಾಕಿದ್ದೂ ಇದೆ. ಐದನೇ ತಿಂಗಳಿಗೆ ಹತ್ತರಲ್ಲಿ ಮೂರು ನಿಂತವು. ಈಗ ಎಂಟು ನಿಲ್ಲುತ್ತವೆ ಅಂತ ಧೈರ್ಯವಾಗಿ ಹೇಳುತ್ತೇನೆ. ನೋಡಿಕೊಂಡೇ ಬರೆಯುವ ಗೆಳೆಯರ ಪೈಕಿ ಇಷ್ಟು ಯಾರಿಗೂ ಬರುತ್ತಿಲ್ಲ.

ಕೆಂಪು ಪೆನ್ಸಿಲ್ ಎಲ್ಲಕ್ಕಿಂತ ಜಾಸ್ತಿ ಓಡುವುದು ಭಾರದ ಗೆರೆಯ ಮೇಲೆ. ಒಂದೇ ಕಾಲಿನ ಮೇಲೆ ನಿಂತವರ ಕತ್ತಿನ ಗುಳಿಯಿಂದ ತೂಗುಗುಂಡು ಬಿಟ್ಟರೆ ಅದು ಭಾರ ಹೊತ್ತ ಪಾದದ ಮೇಲೇ ಬೀಳಬೇಕು. ಆ ಕಡೆ ಸೊಂಟ ಏರುತ್ತದೆ, ಭುಜ ಇಳಿಯುತ್ತದೆ. ಇದು ನಿಮಗೆಲ್ಲ ಗೊತ್ತು. ಆದರೆ ತಲೆ ಮೇಲೆ ಚೀಲ ಬಂದ ತಕ್ಷಣ ಭುಜ ವಾಲುವುದೇ ಇಲ್ಲ ಅನ್ನುವುದನ್ನು ನಾನು ಕಣದಲ್ಲೇ ಕಂಡೆ. ಕತ್ತು, ಬೆನ್ನು ನೆಟ್ಟಗೆ ಇರುತ್ತವೆ, ನಡಿಗೆಯ ಓಲಾಟವೆಲ್ಲ ಸೊಂಟದಿಂದ ಕೆಳಗೆ.

ನಡಿಗೆಗೆ, ಚಲನೆಯನ್ನು ಹಂತ ಹಂತವಾಗಿ ಸೆರೆಹಿಡಿದ ಹಳೆಯ ಕಾಲದ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ತೆಗೆದ ಫೋಟೋಗಳನ್ನೂ ಬಳಸಿದೆ. 1887ರಲ್ಲಿ ಹೊರಬಂದ 781 ಫಲಕಗಳು, ನಡೆಯುವವರು, ಮೆಟ್ಟಿಲು ಹತ್ತುವವರು, ಭಾರ ಎತ್ತುವವರು, ಎಲ್ಲ ಸಾಲಾಗಿ. ಈಗ ಅವಕ್ಕೆ ಹಕ್ಕುಸ್ವಾಮ್ಯದ ತೊಂದರೆ ಇಲ್ಲ. ನಾನು ಸಾಲಿನ ಒಂದನೆಯದು ಮತ್ತು ಮೂರನೆಯದು ನೋಡಿ, ನಡುವಿನದನ್ನು ಮುಚ್ಚಿಟ್ಟು ಊಹೆಯಲ್ಲಿ ಬರೆಯುತ್ತಿದ್ದೆ. ಮಂಟಪದ ರಾಕ್ಷಸ ಬೀಳುವ ಭಂಗಿ ಬಂದದ್ದು ಈ ಅಭ್ಯಾಸದಿಂದ.

ಹಾಕಿಯಲ್ಲೂ ಪ್ರಯತ್ನಿಸಿದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಬೇಸಿಗೆಯಲ್ಲಿ ನಡೆಯುತ್ತದಲ್ಲ, ಅಲ್ಲಿ ಎರಡು ದಿನ ಗ್ಯಾಲರಿಯಲ್ಲಿ ಕೂತೆ. ಬಾಲ್ ಹಿಂದೆ ಕಣ್ಣು ಹೋದರೆ ಕೆಟ್ಟಿತು. ಒಬ್ಬನೇ ಆಟಗಾರನನ್ನು ಹಿಡಿದು, ಹತ್ತು ಸೆಕೆಂಡಿಗೆ ಒಂದು ಗೆರೆ, ಅಷ್ಟೇ. ಎರಡು ದಿನಕ್ಕೆ ನಾನೂರು ಗೆರೆ ಆಗಿರಬಹುದು, ಇಟ್ಟುಕೊಳ್ಳುವಂಥದ್ದು ಹದಿನೈದು.

ಮಳೆಗಾಲದ ಕಷ್ಟ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಜೂನ್ ಬಂದರೆ ಹಾಳೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ, ಚಿತ್ರ ಬರೆಯುವ ಇದ್ದಿಲು ಹಿಡಿಯುವುದಿಲ್ಲ. ಬಟ್ಟೆಗೆ ಬೂಸ್ಟು ಹಿಡಿಯದ ಹಾಗೆ ಬೀರುವಿನಲ್ಲಿ ಬಲ್ಬ್ ಉರಿಸುತ್ತೇವಲ್ಲ, ಅದೇ ಬೀರುವಿನ ಒಂದು ಅಂಕಣ ಹಾಳೆಗೆ ಬಿಟ್ಟೆ. ಕೆಲಸ ಮಾಡಿತು. ಇದ್ದಿಲು ದುಬಾರಿ ಅನಿಸಿ ಗಿಡ ಸವರಿದಾಗ ಬಿದ್ದ ಕಾಫಿ ಕಡ್ಡಿಯನ್ನು ತವರದ ಡಬ್ಬದಲ್ಲಿ ತುಂಬಿ, ಮುಚ್ಚಳಕ್ಕೆ ಒಂದು ಸಣ್ಣ ತೂತು ಹೊಡೆದು, ಬಚ್ಚಲು ಒಲೆಗೆ ಹಾಕಿದೆ. ಮೊದಲ ಸಲ ತೂತು ದೊಡ್ಡದಾಗಿ ಎಲ್ಲ ಬೂದಿ. ಮೂರನೇ ಸಲ ಸರಿಯಾಯಿತು, ಗಟ್ಟಿ ಇದ್ದಿಲು, ಗೆರೆ ಸ್ವಲ್ಪ ಬೂದುಬಣ್ಣ. ಎಷ್ಟು ಹೊತ್ತು ಒಲೆಯಲ್ಲಿ ಬಿಡಬೇಕು ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಅದನ್ನು ಈಗ ಐದಾರು ಜನಕ್ಕೆ ಮಾರುತ್ತಿದ್ದೇನೆ. ಬೀಳುವ ಭಂಗಿಯಲ್ಲಿ ಮೊದಲ ಗೆರೆ ಎಲ್ಲಿಂದ ಹಾಕುತ್ತೇನೆ ಅನ್ನುವುದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಮಂಟಪದ ಕೆಲಸ ಇನ್ನೂ ಬರಬೇಕು.

ಆ ಸ್ಕೆಚ್‌ಗೆ ಸಿಕ್ಕಿದ್ದು ಹನ್ನೆರಡು ಸಾವಿರ. ಗೊಂಬೆ, ಆಪ್, ಕೋರ್ಸ್, ಕಣದ ನೂರು ನೂರು ಎಲ್ಲ ಸೇರಿಸಿದರೂ ಅದಕ್ಕಿಂತ ಕಡಿಮೆಯೇ. ಫೋಟೋ ಬೇಡ ಅಂದ ಗೆಳೆಯರಲ್ಲಿ ಒಬ್ಬ ಕಳೆದ ತಿಂಗಳು ಅಂಗಡಿಗೆ ಬಂದು ನನ್ನ ಕೆಂಪು ಪೆನ್ಸಿಲಿನ ಪುಸ್ತಕ ಒಂದು ಗಂಟೆ ತಿರುವಿ ಹಾಕಿ, ಒಂದನ್ನು ಮನೆಗೆ ಒಯ್ದಿದ್ದಾನೆ.

ಈ ಸಲದ ಕುಯ್ಲಿಗೆ ಬರೀ ಪಾದ ಬರೆಯಬೇಕು ಅಂತಿದ್ದೇನೆ. ಮೆಣಸು ಕೊಯ್ಯುವ ಅಣ್ಣ ಒಬ್ಬರನ್ನು ಈಗಲೇ ಕೇಳಿಟ್ಟಿದ್ದೇನೆ, ಬರಿಗಾಲಲ್ಲಿ ಏಣಿ ಹತ್ತುವವರು. ಬಿದಿರಿನ ಗಣ್ಣನ್ನು ಹೆಬ್ಬೆರಳು ಹಿಡಿಯುವ ರೀತಿ ನನಗೆ ಇನ್ನೂ ನೆನಪಿನಿಂದ ಬರುತ್ತಿಲ್ಲ.